ಮೊದಲ ಸಲ ಡೆಸ್ಕ್‌ಟಾಪ್ ಜೋಡಿಸುತ್ತಿದ್ದೇನೆ, ಪ್ರೊಸೆಸರ್ ಕೂರಿಸಲು ಭಯ

ಮೊದಲಬಾರಿ:
ಎಲ್ಲರಿಗೂ ನಮಸ್ಕಾರ. ಭಾಗಗಳೆಲ್ಲ ಬಂದಿವೆ, ಬಿಚ್ಚಲು ಮಾತ್ರ ಧೈರ್ಯ ಬರುತ್ತಿಲ್ಲ. ರೈಜೆನ್ 5 7600, ಬಿ650 ಮದರ್‌ಬೋರ್ಡ್, 16 ಜಿಬಿಯ ಎರಡು ಡಿಡಿಆರ್5 6000 ರ್‍ಯಾಮ್, 1 ಟಿಬಿಯ ಎನ್‌ವಿಎಂಇ ಎಸ್‌ಎಸ್‌ಡಿ, 650 ವ್ಯಾಟಿನ ಮಾಡ್ಯುಲರ್ ಎಸ್‌ಎಂಪಿಎಸ್ (ಕೇಬಲ್ ಬಿಚ್ಚಿ ಹಾಕಬಹುದಾದ ಪವರ್ ಸಪ್ಲೈ). ಮಗಳು ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರ್ ಕಲಿಯುತ್ತಿದ್ದಾಳೆ, ಅವಳಿಗಾಗಿ ಇದು. ರೆಡಿ ಇರುವುದನ್ನೇ ತರಬಹುದಿತ್ತು. ಆದರೆ ಒಳಗೆ ಯಾವುದು ಏನು ಮಾಡುತ್ತದೆ ಅಂತ ಅವಳಿಗೂ ಗೊತ್ತಾಗಲಿ, ನನಗೂ ಗೊತ್ತಾಗಲಿ ಎಂಬ ಆಸೆ.

ಪಿನ್ ಬಾಗಿದರೆ ಎಲ್ಲ ಹಾಳು ಅಂತಾರೆ, ನಿಜವೇ? ಗ್ರಾಫಿಕ್ಸ್ ಕಾರ್ಡ್ ಇನ್ನೂ ತೆಗೆದುಕೊಂಡಿಲ್ಲ. ಅದಿಲ್ಲದೆ ಮಾನಿಟರಿನಲ್ಲಿ ಏನಾದರೂ ಕಾಣುತ್ತದಾ? ಹಳೆಯ ಎಸ್‌ಎಂಪಿಎಸ್‌ನ ಕೇಬಲ್‌ಗಳು ಮೆತ್ತಗಿವೆ, ಬಗ್ಗಿಸಲು ಸುಲಭ. ಅವನ್ನೇ ಹೊಸದಕ್ಕೆ ಹಾಕಬಹುದಾ?

ತಿರುಪುಳಿ:
ನಿಮ್ಮ ಪ್ರೊಸೆಸರಿನಲ್ಲಿ ಪಿನ್ನೇ ಇಲ್ಲ. ಹಿಂದಿನ ಎಎಂ4 ಸಾಕೆಟ್ಟಿನ ಪ್ರೊಸೆಸರುಗಳ ತಳದಲ್ಲಿ ಇರುತ್ತಿದ್ದವು. ನಿಮ್ಮದು ಎಎಂ5, ಅದರಲ್ಲಿ ಅವು ಬೋರ್ಡಿನ ಸಾಕೆಟ್ಟಿಗೆ (ಪ್ರೊಸೆಸರ್ ಕೂರುವ ಜಾಗಕ್ಕೆ) ಹೋಗಿವೆ, ಒಟ್ಟು 1718. ಹಾಗಾಗಿ ಜೋಪಾನ ಮಾಡಬೇಕಾದ್ದು ಸಾಕೆಟ್ಟನ್ನು. ಒಳಗೆ ಬೆರಳು ಬೇಡ, ಬಟ್ಟೆಯಿಂದ ಒರೆಸುವುದೂ ಬೇಡ.

ಲಿವರ್ ಎತ್ತಿ, ಚೌಕಟ್ಟು ತೆರೆಯಿರಿ. ಪ್ಲಾಸ್ಟಿಕ್ ಮುಚ್ಚಳ ಅದರಲ್ಲೇ ಇರಲಿ. ಪ್ರೊಸೆಸರಿನ ಮೂಲೆಯಲ್ಲಿ ಒಂದು ಪುಟ್ಟ ತ್ರಿಕೋನ ಇದೆ, ಅದನ್ನು ಸಾಕೆಟ್ಟಿನ ಗುರುತಿಗೆ ಹೊಂದಿಸಿ ನೇರವಾಗಿ ಇಳಿಸಿ. ಒತ್ತಬಾರದು, ತಾನೇ ಕೂರಬೇಕು. ಆಮೇಲೆ ಚೌಕಟ್ಟು ಮುಚ್ಚಿ ಲಿವರ್ ಕೆಳಗೆ ಒತ್ತುವಾಗ ಮುಚ್ಚಳ ಕಳಚಿಕೊಂಡು ಬರುತ್ತದೆ. ಲಿವರ್ ತುಂಬಾ ಬಿಗಿ ಇರುತ್ತದೆ, ಕರಕರ ಸದ್ದೂ ಬರಬಹುದು. ಮೊದಲ ಸಲ ಮಾಡುವವರ ಎದೆ ಡವಗುಟ್ಟುವುದೇ ಇಲ್ಲಿ. ತ್ರಿಕೋನ ಸರಿಯಾಗಿ ಹೊಂದಿದ್ದರೆ ಧೈರ್ಯವಾಗಿ ಒತ್ತಿ. ಮುಚ್ಚಳ ಎಸೆಯಬೇಡಿ, ಬೋರ್ಡನ್ನು ವಾರಂಟಿಗೆ ಕಳಿಸಬೇಕಾಗಿ ಬಂದರೆ ಬೇಕಾಗುತ್ತದೆ.

ಡಬ್ಬಿಯಲ್ಲೇ ಬರುವ ಕೂಲರಿನ ತಳಕ್ಕೆ ಶಾಖ ದಾಟಿಸುವ ಥರ್ಮಲ್ ಪೇಸ್ಟ್ ಮೊದಲೇ ಹಚ್ಚಿರುತ್ತಾರೆ, ಮೇಲೆ ಇನ್ನಷ್ಟು ಹಚ್ಚಬೇಡಿ. ಸಾಕೆಟ್ಟಿನ ಎರಡು ಬದಿಯ ಪ್ಲಾಸ್ಟಿಕ್ ಕೊಂಡಿಗಳನ್ನು ಬಿಚ್ಚಿ, ಅದೇ ತೂತುಗಳಿಗೆ ಕೂಲರಿನ 4 ಸ್ಕ್ರೂ ಹಾಕಬೇಕು. ಒಂದು ಮೂಲೆ ಸ್ವಲ್ಪ, ಅದರ ಎದುರಿನ ಮೂಲೆ ಸ್ವಲ್ಪ, ಹೀಗೆ ಸುತ್ತು ಬನ್ನಿ. ರ್‍ಯಾಮ್ ಎರಡೇ ಇರುವುದರಿಂದ ಪ್ರೊಸೆಸರಿನ ಕಡೆಯಿಂದ ಎಣಿಸಿ 2 ಮತ್ತು 4ನೇ ಸ್ಲಾಟಿಗೆ ಹಾಕಿ.

ಇನ್ನು ನಾನು ಯಾರಿಗೇ ಆದರೂ ಹಠ ಹಿಡಿದು ಹೇಳುವ ಮಾತು: ಕ್ಯಾಬಿನೆಟ್ಟಿಗೆ ಹಾಕುವ ಮೊದಲು ಹೊರಗೇ ಒಮ್ಮೆ ಆನ್ ಮಾಡಿ ನೋಡಿ. ಬೋರ್ಡನ್ನು ಅದರ ರಟ್ಟಿನ ಡಬ್ಬಿಯ ಮೇಲಿಡಿ. ಅದು ಸುತ್ತಿ ಬಂದ ಹೊಳೆಯುವ ಚೀಲದ ಮೇಲೆ ಬೇಡ, ಅದರ ಹೊರಮೈಯಲ್ಲಿ ವಿದ್ಯುತ್ ಹರಿಯಬಹುದು. 24 ಪಿನ್ನಿನ ಕೇಬಲ್, ಪ್ರೊಸೆಸರಿನ 8 ಪಿನ್ನಿನ ಕೇಬಲ್, ಕೂಲರಿನ ಫ್ಯಾನ್, ಮಾನಿಟರ್ ಇಷ್ಟು ಸಾಕು. ಪವರ್ ಸ್ವಿಚ್‌ಗೆ ಅಂತ ಇರುವ ಎರಡು ಪಿನ್‌ಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಸೇರಿಸಿ ಮುಟ್ಟಿದರೆ ಆನ್ ಆಗುತ್ತದೆ. ಯಾವ ಪಿನ್ ಅಂತ ಮ್ಯಾನುಯಲ್ ನೋಡಿಯೇ ಮುಟ್ಟಿ. ಏನಾದರೂ ಕೆಟ್ಟಿದ್ದರೆ ಇಲ್ಲೇ ಗೊತ್ತಾಗುತ್ತದೆ. ಎಲ್ಲ ಕಟ್ಟಿ ಮುಗಿಸಿದ ಮೇಲೆ ಮತ್ತೆ ಬಿಚ್ಚುವ ಬೇಜಾರು ಇದೆಯಲ್ಲ, ಅದು ಯಾರಿಗೂ ಬೇಡ.

ಹಳೆಕ್ಯಾಬಿನೆಟ್:
ಕೇಬಲ್ ವಿಷಯ ದಯವಿಟ್ಟು ಕೇಳಿ. ಹಳೆಯದನ್ನು ಹಾಕಲೇಬೇಡಿ. ಬೋರ್ಡಿನ ಕಡೆಯ ತುದಿ ಎಲ್ಲದರಲ್ಲೂ ಒಂದೇ. ಎಸ್‌ಎಂಪಿಎಸ್ ಕಡೆಯ ತುದಿಗೆ ಮಾತ್ರ ಅಂಥ ನಿಯಮವಿಲ್ಲ. ಸಲೀಸಾಗಿ ಕೂರುತ್ತದೆ, ಆದರೆ 5 ವೋಲ್ಟ್ ಹೋಗಬೇಕಾದ ಕಡೆ 12 ವೋಲ್ಟ್ ಹೋಗಬಹುದು. ಡಿಸ್ಕು, ಬೋರ್ಡು ಸುಟ್ಟೇ ಹೋಗುತ್ತವೆ. ಹೊಸ ಡಬ್ಬಿಯ ಕೇಬಲ್ ಗಟ್ಟಿಯಿದ್ದರೂ ಅದೇ ಇರಲಿ.

7600ರ ಒಳಗೇ ಚಿಕ್ಕ ಗ್ರಾಫಿಕ್ಸ್ ಇದೆ. ಮಾನಿಟರ್ ಕೇಬಲ್ಲನ್ನು ಬೋರ್ಡಿಗೇ ಚುಚ್ಚಿ, ಚಿತ್ರ ಬರುತ್ತದೆ. ಹೆಸರಿನ ಕೊನೆಗೆ ಎಫ್ ಇದ್ದಿದ್ದರೆ ಬರುತ್ತಿರಲಿಲ್ಲ. ಬ್ಲೆಂಡರಿನಲ್ಲಿ ಮಾಡೆಲಿಂಗ್ ಕಲಿಯಲು ಸದ್ಯಕ್ಕೆ ಸಾಕು. ಸೈಕಲ್ಸ್‌ನಲ್ಲಿ (ಬ್ಲೆಂಡರಿನದೇ ರೆಂಡರ್ ಎಂಜಿನ್) ಅಂತಿಮ ಚಿತ್ರ ರೆಂಡರ್ ಮಾಡುವಾಗ ಮಾತ್ರ ನಿಧಾನ ಆಗುತ್ತದೆ. ಮುಂದೆ ಕಾರ್ಡ್ ಹಾಕಿದಾಗ ಮಾನಿಟರ್ ಕೇಬಲ್ಲನ್ನು ಕಾರ್ಡಿಗೆ ಬದಲಾಯಿಸಲು ಮರೆಯಬೇಡಿ.

ಮೊದಲಬಾರಿ:
ತುಂಬಾ ಥ್ಯಾಂಕ್ಸ್. ಲಿವರ್ ಒತ್ತಿದ್ದು ಮಗಳು! ಡಬ್ಬಿಯ ಮೇಲಿಟ್ಟು ಈಗ ತಾನೇ ಆನ್ ಮಾಡಿದೆವು. ಫ್ಯಾನ್ ತಿರುಗುತ್ತಿದೆ, ಪರದೆ ಪೂರ್ತಿ ಕಪ್ಪು. ಬೋರ್ಡಿನ ಮೇಲೆ ಡಿರ್‍ಯಾಮ್ ಅಂತ ಬರೆದಿರುವ ದೀಪ ಉರಿಯುತ್ತಿದೆ. ಆಫ್ ಮಾಡಲಾ?

ತಿರುಪುಳಿ:
ಮಾಡಬೇಡಿ! ಮೊದಲ ಸಲ ಆನ್ ಆದಾಗ ಬೋರ್ಡು ಡಿಡಿಆರ್5 ರ್‍ಯಾಮಿನ ಜೊತೆ ಯಾವ ಸಮಯಕ್ಕೆ ಹೇಗೆ ಮಾತಾಡಬೇಕು ಅಂತ ಪರೀಕ್ಷೆ ಮಾಡಿಕೊಳ್ಳುತ್ತದೆ. ಮೆಮೊರಿ ಟ್ರೈನಿಂಗ್ ಅಂತಾರೆ. ಹಲವು ನಿಮಿಷ ಹಿಡಿಯಬಹುದು, ನಡುವೆ ತಾನೇ ಆಫ್ ಆಗಿ ಆನ್ ಆಗಲೂಬಹುದು. ಕಾಲು ಗಂಟೆ ಸುಮ್ನೆ ಕಾಯಿರಿ. ಆಗಲೂ ಬರದಿದ್ದರೆ ಆಫ್ ಮಾಡಿ, ಒಂದೇ ರ್‍ಯಾಮನ್ನು 2ನೇ ಸ್ಲಾಟಿನಲ್ಲಿ ಟಕ್ ಅನ್ನುವಂತೆ ಕೂರಿಸಿ ನೋಡಿ.

ಮೊದಲಬಾರಿ:
ಬಯೋಸ್ (ಬೋರ್ಡಿನದೇ ಸೆಟ್ಟಿಂಗ್ ಪರದೆ) ಬಂತು! 32 ಜಿಬಿಯೂ ತೋರಿಸುತ್ತಿದೆ. ಆದರೆ ವೇಗ 4800 ಅಂತಿದೆ. ನಾವು ತಂದಿದ್ದು 6000 ಅಲ್ವಾ?

ಹಳೆಕ್ಯಾಬಿನೆಟ್:
ಅದು ಸಹಜ. ಬಯೋಸಿನಲ್ಲಿ ಎಕ್ಸ್‌ಪೋ ಅಂತ ಮೆಮೊರಿ ವೇಗದ ಸೆಟ್ಟಿಂಗ್ ಇದೆ, ಅದನ್ನು ಆನ್ ಮಾಡಿ, 6000ಕ್ಕೆ ಹೋಗುತ್ತದೆ. ಮತ್ತೆ ಟ್ರೈನಿಂಗ್ ಆಗುತ್ತದೆ, ಪರದೆ ಮತ್ತೆ ಸ್ವಲ್ಪ ಹೊತ್ತು ಕಪ್ಪಾಗಿರುತ್ತದೆ, ಗಾಬರಿ ಬೇಡ.

ಕ್ಯಾಬಿನೆಟ್ಟಿಗೆ ಹಾಕುವಾಗ ಬೋರ್ಡಿನ ತೂತುಗಳು ಎಲ್ಲೆಲ್ಲಿ ಬರುತ್ತವೋ ಅಲ್ಲಿ ಮಾತ್ರ ಸ್ಟ್ಯಾಂಡ್‌ಆಫ್ (ಬೋರ್ಡನ್ನು ಎತ್ತಿ ಹಿಡಿಯುವ ಪುಟ್ಟ ಲೋಹದ ಕಂಬ) ಇರಲಿ. ಬೇರೆ ಕಡೆ ಒಂದು ಉಳಿದರೂ ಬೋರ್ಡಿನ ಬೆನ್ನಿಗೆ ತಗುಲಿ ಶಾರ್ಟ್ ಆಗಬಹುದು. ಕೇಬಲ್ ಚುಚ್ಚುವ ಪೋರ್ಟುಗಳ ಸುತ್ತ ಬರುವ ಹಿಂಬದಿಯ ತಗಡು ಬೋರ್ಡಿಗೆ ಅಂಟಿಕೊಂಡೇ ಬಂದಿಲ್ಲದಿದ್ದರೆ, ಬೋರ್ಡಿಗಿಂತ ಮೊದಲು ಅದನ್ನು ಕೂರಿಸಿ.

ವಿಂಡೋಸ್ 11 ಹಾಕುವುದಾದರೆ, ಬೋರ್ಡ್ ತಯಾರಕರ ಸೈಟಿನಿಂದ ಲ್ಯಾನ್ ಮತ್ತು ವೈಫೈ ಡ್ರೈವರನ್ನು ಪೆನ್‌ಡ್ರೈವಿಗೆ ಈಗಲೇ ಇಳಿಸಿಕೊಳ್ಳಿ. ಹೊಸ ಬೋರ್ಡುಗಳಲ್ಲಿ ಎಷ್ಟೋ ಸಲ ಅದಿಲ್ಲದೆ ನೆಟ್ ಸಿಗದೆ ಸೆಟಪ್ ಅರ್ಧಕ್ಕೇ ನಿಲ್ಲುತ್ತದೆ.