ಪ್ರಶ್ನೋತ್ತರ: ಶಾಲೆಯ ಅಸುರಕ್ಷಿತ ಶೌಚಾಲಯದ ಬಗ್ಗೆ ಮನವೊಲಿಸುವಂತೆ ಬರೆಯುವುದು ಹೇಗೆ?

ಪ್ರಶ್ನೆ (ಪ್ರೌಢಶಾಲಾ ಶಿಕ್ಷಕಿ):
ನಮಸ್ಕಾರ ಸರ್. ಶಾಲೆಗಳ ಅಸುರಕ್ಷಿತ ಶೌಚಾಲಯಗಳ ಕುರಿತು ಮನವೊಲಿಸುವ ಲೇಖನವೊಂದನ್ನು ಬರೆಯುವಂತೆ ಹತ್ತನೆಯ ತರಗತಿಯ ಮಕ್ಕಳಿಗೆ ಹೇಳಿದ್ದೆ. ಒಬ್ಬ ವಿದ್ಯಾರ್ಥಿನಿಯ ಲೇಖನ ಹೀಗೆ ಆರಂಭವಾಗುತ್ತದೆ: “ಶಾಲೆಯ ಶೌಚಾಲಯಗಳು ನರಕಸದೃಶವಾಗಿವೆ. ಮುಗ್ಧ ಕಂದಮ್ಮಗಳು ದಿನನಿತ್ಯ ಜೀವ ಕೈಯಲ್ಲಿ ಹಿಡಿದು ಅಲ್ಲಿಗೆ ಹೋಗಬೇಕಾಗಿದೆ. ಹಲವು ವರ್ಷಗಳಿಂದ ದುರಸ್ತಿ ಮಾಡಲಾಗಿಲ್ಲ. ಅಧಿಕಾರಿಗಳು ಕುಂಭಕರ್ಣ ನಿದ್ರೆಯಲ್ಲಿದ್ದಾರೆ. ಸಂಬಂಧಪಟ್ಟವರು ಇನ್ನಾದರೂ ಎಚ್ಚೆತ್ತುಕೊಳ್ಳುವರೇ?” ಓದುವಾಗ ಆವೇಶ ಬರುತ್ತದೆ, ಆದರೆ ಓದಿ ಮುಗಿಸಿದ ಮೇಲೆ ಮನಸ್ಸಿನಲ್ಲಿ ಏನೂ ಉಳಿಯುವುದಿಲ್ಲ. ಇದನ್ನು ಎಲ್ಲಿಂದ ತಿದ್ದಿಸಬೇಕು?

ಉತ್ತರ (ಸಂಪಾದಕ, ಬರವಣಿಗೆ ತರಬೇತುದಾರ):
ನಮಸ್ಕಾರ ಮೇಡಂ. ಹುಡುಗಿಗೆ ಕಳಕಳಿಯಿದೆ, ವಾಕ್ಯದ ಓಟವೂ ಇದೆ. ಆದರೆ ಈ ಐದು ವಾಕ್ಯಗಳಲ್ಲಿ ಶೌಚಾಲಯ ಎಲ್ಲಿಯೂ ಕಾಣುವುದಿಲ್ಲ. “ಶಾಲೆಯ ಶೌಚಾಲಯ” ಎಂಬುದನ್ನು ತೆಗೆದು “ಶಾಲೆಯ ಬಸ್ಸು” ಎಂದು ಹಾಕಿ ನೋಡಿ, ಅಷ್ಟೇ ಸಲೀಸಾಗಿ ಓದಿಸಿಕೊಳ್ಳುತ್ತದೆ. ಎಲ್ಲ ದೂರಿಗೂ ಹೊಂದುವ ಮಾತು ಯಾವ ದೂರಿಗೂ ಬಲ ಕೊಡುವುದಿಲ್ಲ. ನರಕ, ಕಂದಮ್ಮ, ಕುಂಭಕರ್ಣ ಇವೆಲ್ಲ ಓದುಗನು ಸಾವಿರ ಸಲ ಕೇಳಿ ಕಿವಿ ಮುಚ್ಚಿಕೊಂಡಿರುವ ಪದಗಳು.

ಎರಡನೆಯ ತೊಡಕು ಮೂರನೆಯ ವಾಕ್ಯದಲ್ಲಿದೆ. “ದುರಸ್ತಿ ಮಾಡಲಾಗಿಲ್ಲ” ಎಂದಾಗ ಮಾಡಬೇಕಾಗಿದ್ದವರು ವಾಕ್ಯದಿಂದಲೇ ನುಣುಚಿಕೊಂಡುಬಿಡುತ್ತಾರೆ. ಕಚೇರಿಯ ಪತ್ರಗಳು “ಕ್ರಮ ವಹಿಸಲಾಗುವುದು”, “ಪರಿಶೀಲಿಸಲಾಗುತ್ತಿದೆ” ಎಂದು ಬರೆಯುವುದು ಇದೇ ಅನುಕೂಲಕ್ಕಾಗಿ. ದೂರು ಕೊಡುವವರೇ ಅದೇ ವಾಕ್ಯರಚನೆಯನ್ನು ಬಳಸಿದರೆ ಜವಾಬ್ದಾರಿಯಿಂದ ತಪ್ಪಿಸಿಕೊಳ್ಳುವವರಿಗೆ ತಾವೇ ಬಾಗಿಲು ತೆರೆದುಕೊಟ್ಟಂತಾಗುತ್ತದೆ.

ಆಕೆ ಕಣ್ಣಾರೆ ಕಂಡದ್ದನ್ನು ಬರೆಯಲಿ. ಉದಾಹರಣೆಗೆ ಹೀಗೆ: “ಒಂದನೆಯ ತರಗತಿಯ ಮಕ್ಕಳು ಬಳಸುವ ಶೌಚಾಲಯದಲ್ಲಿ ಗುಂಡಿಯ ಮೇಲಿನ ಹಲಗೆ ಒಂದು ಮೂಲೆಯಲ್ಲಿ ಕೊಳೆತಿದ್ದು, ಕಾಲಿಟ್ಟರೆ ಬಾಗುತ್ತದೆ. ಬಾಗಿಲಿಗೆ ಚಿಲಕವಿಲ್ಲದ ಕಾರಣ ಒಬ್ಬಳು ಒಳಗೆ ಹೋದಾಗ ಇನ್ನೊಬ್ಬಳು ಹೊರಗೆ ಬಾಗಿಲು ಎಳೆದು ಹಿಡಿದು ನಿಲ್ಲುತ್ತಾಳೆ. ಹಲಗೆಯ ಸ್ಥಿತಿಯನ್ನು ಮುಖ್ಯ ಶಿಕ್ಷಕರು ಜೂನ್ ತಿಂಗಳಿನಲ್ಲಿಯೇ ಇಲಾಖೆಗೆ ಬರೆದು ತಿಳಿಸಿದ್ದರು. ಇಲಾಖೆಯ ಎಂಜಿನಿಯರ್ ಇನ್ನೂ ಬಂದು ನೋಡಿಲ್ಲ.” ಇಲ್ಲಿ ಒಂದೇ ಒಂದು ಬೈಗುಳವಿಲ್ಲ, ಆದರೂ ಬಾಗಿಲು ಹಿಡಿದು ನಿಂತ ಹುಡುಗಿಯನ್ನು ಕಂಡ ಓದುಗನಿಗೆ ಸಿಟ್ಟು ಬರುತ್ತದೆ, ಆ ಸಿಟ್ಟು ಅವನದೇ ಆಗಿರುವುದರಿಂದ ಬೇಗ ಆರುವುದಿಲ್ಲ. ಒಂದು ಷರತ್ತು: ಹಲಗೆ ನಿಜವಾಗಿ ಬಾಗುತ್ತಿರಬೇಕು, ಪತ್ರ ನಿಜವಾಗಿ ಹೋಗಿರಬೇಕು. ಒಂದು ವಿವರ ಸುಳ್ಳಾದರೆ ಉತ್ತರಿಸುವವರು ಅದನ್ನೇ ಹಿಡಿದುಕೊಂಡು ಉಳಿದ ಎಲ್ಲವನ್ನೂ ತಳ್ಳಿಹಾಕುತ್ತಾರೆ.

ಪ್ರಶ್ನೆ (ಗುಂಪಿನ ಇನ್ನೊಬ್ಬ ಸದಸ್ಯರು):
ಅಂಕಿಅಂಶ ಹಾಕಿದರೆ ಲೇಖನಕ್ಕೆ ತೂಕ ಬರುತ್ತದೆಯಲ್ಲವೇ ಸರ್? ಜಗತ್ತಿನ 69.8 ಕೋಟಿ ಮಕ್ಕಳಿಗೆ ಶಾಲೆಯಲ್ಲಿ ಶೌಚಾಲಯವೇ ಇಲ್ಲ ಎಂದು ಒಂದು ಕಡೆ ಓದಿದ್ದೇನೆ. ಅದನ್ನು ಬಳಸಬಹುದೇ?

ಉತ್ತರ:
ಸಂಖ್ಯೆ ಸರಿಯಿದೆ, ವಾಕ್ಯ ತಪ್ಪಾಗಿದೆ. ಅದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಜಂಟಿಯಾಗಿ ಪ್ರಕಟಿಸಿದ 2019ರ ಸ್ಥಿತಿಯ ಅಂದಾಜು. ಅದು ಹೇಳುವುದು ಅಷ್ಟು ಮಕ್ಕಳ ಶಾಲೆಗಳಲ್ಲಿ “ಮೂಲಭೂತ” ಮಟ್ಟದ ಶೌಚ ವ್ಯವಸ್ಥೆ ಇರಲಿಲ್ಲ ಎಂದು. ಆ ಮಟ್ಟ ತಲುಪಬೇಕಾದರೆ ಶೌಚಾಲಯ ಸುಧಾರಿತ ಮಾದರಿಯದಾಗಿರಬೇಕು (ಎಂದರೆ ಮಲ ಮನುಷ್ಯರಿಗೆ ತಾಗದಂತೆ ಕಟ್ಟಿದ್ದಾಗಿರಬೇಕು), ಹುಡುಗಿಯರಿಗೂ ಹುಡುಗರಿಗೂ ಪ್ರತ್ಯೇಕವಾಗಿರಬೇಕು ಮತ್ತು ಸಮೀಕ್ಷೆಯ ದಿನ ಬಳಸುವ ಸ್ಥಿತಿಯಲ್ಲಿರಬೇಕು. ಎಂದರೆ, ಶೌಚಾಲಯವಿದ್ದೂ ಬೀಗ ಬಿದ್ದಿರುವ, ಕೆಟ್ಟುಹೋಗಿರುವ ಶಾಲೆಗಳ ಮಕ್ಕಳೂ ಆ ಲೆಕ್ಕದಲ್ಲಿದ್ದಾರೆ. ಅದನ್ನು “ಶೌಚಾಲಯವೇ ಇಲ್ಲ” ಎಂದು ಹಿಗ್ಗಿಸುವ ಅಗತ್ಯವಿಲ್ಲ. ಕಟ್ಟಿಸಿದ ಶೌಚಾಲಯವನ್ನು ಬಳಸಲಾಗದು ಎಂಬುದೇ ಹೆಚ್ಚು ಚುಚ್ಚುವ ಸಂಗತಿ.

ಕೋಟಿಗಳ ಲೆಕ್ಕ ಓದುಗನ ತಲೆಯ ಮೇಲಿಂದ ಹಾದುಹೋಗುತ್ತದೆ ಎಂಬುದನ್ನೂ ಮರೆಯಬೇಡಿ. ಸಣ್ಣ ಸಂಖ್ಯೆಯೇ ಹೆಚ್ಚು ಕೆಲಸ ಮಾಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2009ರ ಮಾರ್ಗಸೂಚಿಯು 25 ಹುಡುಗಿಯರಿಗೆ ಒಂದು ಶೌಚಾಲಯ ಇರಬೇಕೆನ್ನುತ್ತದೆ. ಒಂದು ಶಾಲೆಯಲ್ಲಿ 300 ಹುಡುಗಿಯರಿದ್ದು ನಾಲ್ಕು ಶೌಚಾಲಯಗಳಿವೆ ಎಂದಿಟ್ಟುಕೊಳ್ಳಿ. ಹದಿನೈದು ನಿಮಿಷದ ಬಿಡುವಿನಲ್ಲಿ ಅರ್ಧದಷ್ಟು ಹುಡುಗಿಯರು ಹೋಗಬೇಕೆಂದರೂ ಒಬ್ಬೊಬ್ಬಳ ಪಾಲಿಗೆ ಸಿಗುವುದು 24 ಸೆಕೆಂಡು. ಬಾಗಿಲು ಹಾಕಿ ತೆರೆಯುವುದೂ ಅದರಲ್ಲಿಯೇ ಆಗಬೇಕು. ಇಷ್ಟು ಲೆಕ್ಕ ಕೊಟ್ಟ ಮೇಲೆ, ಮಕ್ಕಳು ಬೆಳಗ್ಗೆಯಿಂದ ನೀರು ಕುಡಿಯದೆ ಉಳಿಯುತ್ತಾರೆ, ಮೂತ್ರ ತಡೆದುಕೊಂಡು ಸೋಂಕು ತಂದುಕೊಳ್ಳುತ್ತಾರೆ ಎಂದು ಬರೆದರೆ ಯಾರೂ ಅದನ್ನು ಉತ್ಪ್ರೇಕ್ಷೆ ಎನ್ನಲಾರರು.

ಪ್ರಶ್ನೆ (ಪತ್ರಿಕೋದ್ಯಮ ವಿದ್ಯಾರ್ಥಿ):
ಶೌಚಾಲಯದ ಗುಂಡಿಗೆ ಬಿದ್ದು ಮಗು ಸತ್ತ ಪ್ರಕರಣಗಳನ್ನು ಉಲ್ಲೇಖಿಸುವುದು ಸರಿಯೇ? ಮನ ಕಲಕುವುದಕ್ಕೆ ಸಾವನ್ನು ಬಳಸಿಕೊಂಡಂತಾಗುತ್ತದೆಯೇನೋ ಎಂಬ ಅಳುಕಿದೆ.

ಉತ್ತರ:
ಅಳುಕು ಒಳ್ಳೆಯದೇ, ಅದನ್ನು ಬಿಡಬೇಡಿ. ಆದರೆ ಸಾವನ್ನು ಮುಚ್ಚಿಡುವುದರಿಂದಲೂ ಮಗುವಿಗೆ ನ್ಯಾಯ ಸಿಗುವುದಿಲ್ಲ. ದಕ್ಷಿಣ ಆಫ್ರಿಕಾದ ಲಿಂಪೊಪೊ ಪ್ರಾಂತ್ಯದಲ್ಲಿ 2014ರ ಜನವರಿಯಲ್ಲಿ, ಆಗತಾನೆ ಶಾಲೆಗೆ ಸೇರಿದ್ದ ಐದು ವರ್ಷದ ಬಾಲಕನೊಬ್ಬ ಗುಂಡಿ ಶೌಚಾಲಯದ ಆಸನ ಕುಸಿದು ಮಲದ ಗುಂಡಿಯಲ್ಲಿ ಮುಳುಗಿ ಸತ್ತ. ಇದನ್ನು ಬರೆಯುವಾಗ ಮಗುವಿನ ಕೊನೆಯ ಕ್ಷಣಗಳನ್ನು ಊಹಿಸಿ ಚಿತ್ರಿಸಲು ಅನೇಕರಿಗೆ ಆಸೆಯಾಗುತ್ತದೆ. ಅದು ನನ್ನ ದೃಷ್ಟಿಯಲ್ಲಿ ಸಲ್ಲದು. ಅದರಿಂದ ವಾದವೂ ಮುಂದಕ್ಕೆ ಹೋಗುವುದಿಲ್ಲ.

ವಾದವನ್ನು ಮುಂದಕ್ಕೆ ಒಯ್ಯುವುದು ಘಟನೆಗಳ ಕ್ರಮ. ಶಾಲೆಗಳಲ್ಲಿ ಸಾದಾ ಗುಂಡಿ ಶೌಚಾಲಯಗಳು ಇರಕೂಡದು ಎಂಬ ನಿಯಮವನ್ನು ಅದೇ ದೇಶದ ಸರ್ಕಾರ 2013ರ ನವೆಂಬರ್‌ನಲ್ಲಿ, ಎಂದರೆ ಆ ಸಾವಿಗೆ ಎರಡು ತಿಂಗಳ ಮೊದಲೇ, ಪ್ರಕಟಿಸಿತ್ತು. 2018ರ ಮಾರ್ಚ್‌ನಲ್ಲಿ ಈಸ್ಟರ್ನ್ ಕೇಪ್ ಪ್ರಾಂತ್ಯದಲ್ಲಿ ಐದೇ ವರ್ಷದ ಇನ್ನೊಂದು ಮಗು ಹಾಗೆಯೇ ಸತ್ತಿತು. ಅಧ್ಯಕ್ಷ ಸಿರಿಲ್ ರಾಮಫೋಸಾ ಇಂಥ ಶೌಚಾಲಯಗಳನ್ನು ತೆಗೆದುಹಾಕುವ ವಿಶೇಷ ಕಾರ್ಯಕ್ರಮಕ್ಕೆ ಚಾಲನೆ ಕೊಟ್ಟದ್ದು ಆ ವರ್ಷದ ಆಗಸ್ಟ್‌ನಲ್ಲಿ. ಈ ದಿನಾಂಕಗಳನ್ನು ಒಂದರ ಕೆಳಗೊಂದು ಇಟ್ಟರೆ ಸಾಕು, “ನಿರ್ಲಕ್ಷ್ಯ” ಎಂಬ ಪದವನ್ನು ನೀವು ಬರೆಯಬೇಕಾಗಿಯೇ ಇಲ್ಲ. “ದುರದೃಷ್ಟಕರ ಘಟನೆ”, “ಆಕಸ್ಮಿಕ” ಎಂಬ ಪದಗಳನ್ನಂತೂ ಹತ್ತಿರ ಸೇರಿಸಬೇಡಿ. ಮೊದಲೇ ಗೊತ್ತಿದ್ದ ಅಪಾಯವನ್ನು ಆಕಸ್ಮಿಕವೆಂದು ಕರೆಯುವುದು ಒಂದು ಪಕ್ಷ ವಹಿಸಿದಂತೆಯೇ.

ಪ್ರಶ್ನೆ (ಮೊದಲ ಶಿಕ್ಷಕಿ):
ಹಾಗಾದರೆ ಭಾವನೆಯ ಮಾತಿಗೆ, ಪ್ರಶ್ನಾರ್ಥಕ ವಾಕ್ಯಕ್ಕೆ, ಪುನರಾವರ್ತನೆಗೆ ಜಾಗವೇ ಇಲ್ಲವೇ? ಪಠ್ಯಪುಸ್ತಕದಲ್ಲಿ ಮನವೊಲಿಸುವ ತಂತ್ರಗಳೆಂದು ಕಲಿಸುವುದು ಇವನ್ನೇ. ಇಷ್ಟು ತಣ್ಣಗೆ ಬರೆದರೆ ಯಾರು ಓದುತ್ತಾರೆ?

ಉತ್ತರ:
ಜಾಗ ಖಂಡಿತ ಇದೆ ಮೇಡಂ, ಆದರೆ ಸಂಗತಿಗಳು ನಿಂತ ಮೇಲೆ. “ಎಚ್ಚೆತ್ತುಕೊಳ್ಳುವರೇ?” ಎಂಬುದು ಯಾರನ್ನೂ ಉದ್ದೇಶಿಸದ ಪ್ರಶ್ನೆ, ಯಾರೂ ಉತ್ತರಿಸಬೇಕಾಗಿಲ್ಲ. “ನಿಮ್ಮ ಮಗುವನ್ನು ಆ ಹಲಗೆಯ ಮೇಲೆ ನಿಲ್ಲಿಸುತ್ತೀರಾ?” ಎಂಬುದು ಒಬ್ಬ ಅಧಿಕಾರಿಯನ್ನು ಎದುರಿಗೆ ಕೂರಿಸಿಕೊಂಡು ಕೇಳಿದ ಪ್ರಶ್ನೆ, ಅದನ್ನು ಒಮ್ಮೆ ಮಾತ್ರ ಕೇಳಬಹುದು. ಪುನರಾವರ್ತನೆಯೂ ಹಾಗೆಯೇ: “ಜೂನ್‌ನಲ್ಲಿ ಬರೆದೆವು. ಆಗಸ್ಟ್‌ನಲ್ಲಿ ಬರೆದೆವು. ಅಕ್ಟೋಬರ್‌ನಲ್ಲಿ ಬರೆದೆವು” ಎಂಬಲ್ಲಿ ಪ್ರತಿ ಸಲವೂ ಹೊಸ ದಿನಾಂಕ ಬರುತ್ತಿರುವುದರಿಂದ ಅದಕ್ಕೆ ಬಲವಿದೆ.

ತಣ್ಣಗಿನ ಬರವಣಿಗೆಯನ್ನು ಜನ ಓದುವುದಿಲ್ಲ ಎಂಬುದನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಪತ್ರಿಕೆಯ ಓದುಗನನ್ನು ಹಿಡಿದು ನಿಲ್ಲಿಸಲು ಮೊದಲ ಸಾಲಿನಲ್ಲಿ ಒಂದಿಷ್ಟು ಬಿಸಿ ಬೇಕಾಗಬಹುದು. ಇಲಾಖೆಗೆ ಹೋಗುವ ಮನವಿಗೆ ಅದು ಬೇಕಿಲ್ಲ. ಅಲ್ಲಿ ಓದುವವರು ಮೊದಲು ಹುಡುಕುವುದು ತಮ್ಮಿಂದ ಏನಾಗಬೇಕಾಗಿದೆ ಎಂಬುದನ್ನು.

ಆದ್ದರಿಂದ ಅಂಕ ಕೊಡುವಾಗ ಕೊನೆಯ ಪ್ಯಾರಾವನ್ನು ಮೊದಲು ಓದಿ. “ಸೂಕ್ತ ಕ್ರಮ ಕೈಗೊಳ್ಳಬೇಕು” ಎಂದು ಮುಗಿದಿದ್ದರೆ ಲೇಖನವನ್ನು ಮರಳಿ ಕೊಟ್ಟು, ಯಾರು, ಯಾವುದನ್ನು, ಯಾವ ದಿನದೊಳಗೆ ಎಂದು ಬರೆದು ತರಲು ಹೇಳಿ. ಹೊಸ ಶೌಚಾಲಯ ಕಟ್ಟಲು ತಿಂಗಳುಗಳೇ ಬೇಕಾಗುತ್ತವೆ. ಆ ಕೊಳೆತ ಹಲಗೆಯಿರುವ ಶೌಚಾಲಯದ ಬಾಗಿಲಿಗೆ ಬೀಗ ಹಾಕಿ, ಚಿಕ್ಕ ಮಕ್ಕಳಿಗೆ ತಾತ್ಕಾಲಿಕ ವ್ಯವಸ್ಥೆ ಮಾಡುವುದನ್ನು ನಾಳೆಯೇ ಮಾಡಬಹುದು. ಎರಡನ್ನೂ ಬೇರೆ ಬೇರೆಯಾಗಿ ಕೇಳುವುದನ್ನು ನಿಮ್ಮ ವಿದ್ಯಾರ್ಥಿನಿ ಕಲಿತರೆ, ಮೊದಲನೆಯ ಬೇಡಿಕೆಯ ಹೆಸರಿನಲ್ಲಿ ಎರಡನೆಯದನ್ನು ಮುಂದೂಡಲು ಯಾರಿಗೂ ಆಗುವುದಿಲ್ಲ.