ಶಾಂತಲೆಯ ತವರು: ‘ಪೆರ್ಗಡೆ’ ಅಂದರೆ ನಮ್ಮ ಹೆಗಡೆಯೇ?

ಕೋಟೆಕೆರೆ (ಶಿರಸಿ):
ಹೊಯ್ಸಳ ದೊರೆ ವಿಷ್ಣುವರ್ಧನನ ಪಟ್ಟದರಸಿ ಶಾಂತಲೆಯ ತಂದೆ ಪೆರ್ಗಡೆ ಮಾರಸಿಂಗಯ್ಯ. ಹಾಗಾಗಿ ಆಕೆ ಶಿರಸಿ ಸೀಮೆಯ ಹೆಗಡೆ ಮನೆತನದವಳು, ತವರು ಬನವಾಸಿ ಹತ್ತಿರ ಎಂಬ ಮಾತು ಇಲ್ಲಿ ಓಡಾಡುತ್ತಿದೆ. ಊರಿನ ಓದುಗರ ಕೂಟಕ್ಕೆ ಎರಡು ಪುಟದ ಟಿಪ್ಪಣಿ ಆಗಬೇಕು. ಇದನ್ನು ಬರೆಯಬಹುದೇ? ಆಕೆ ತೀರಿಕೊಂಡ ವರ್ಷ ಒಂದು ಕಡೆ 1128, ಇನ್ನೊಂದು ಕಡೆ 1131 ಅಂತಿದೆ. ಯಾವುದು ಸರಿ?

ಶಾಲ್ಮಲೆ:
ಬರೆಯಬೇಡಿ ಸರ್. ಪೆರ್ಗಡೆ ಆಗ ಹುದ್ದೆ, ಕುಲದ ಹೆಸರಲ್ಲ. ‘ಪೆರ್’ ಅಂದರೆ ಹಿರಿದು. ಪೆರ್ಬಾವು ಹೆಬ್ಬಾವು ಆದಂತೆ ಪೆರ್ಗಡೆ ಹೆಗ್ಗಡೆಯಾಯಿತು, ನಮ್ಮ ಬಾಯಲ್ಲಿ ಹೆಗಡೆ. ಹುದ್ದೆಯಾದ್ದರಿಂದಲೇ ಘಟ್ಟದ ಮೇಲೆ ಹವ್ಯಕರಲ್ಲಿ, ತೆಂಕಣ ಕರಾವಳಿಯ ಬಂಟರಲ್ಲಿ, ಜೈನರಲ್ಲಿ ಎಲ್ಲ ಕಡೆಯೂ ಅದು ಅಡ್ಡಹೆಸರಾಗಿ ಉಳಿದಿದೆ. ಬನವಾಸಿಯ ಹೆಸರು ಬರುವುದು ಗಂಡನ ಗೆಲುವಿನ ಬಿರುದುಗಳಲ್ಲಿ. ಅದನ್ನು ಹೆಂಡತಿಯ ತವರಿಗೆ ಅಂಟಿಸಿದರೆ ಟಿಪ್ಪಣಿ ಅಲ್ಲೇ ಕೆಡುತ್ತದೆ.

ವಂಶ ಬೇಕಾದರೆ ತಾಯಿಯ ಕಡೆ ಹಿಡಿಯಿರಿ, ಶ್ರವಣಬೆಳಗೊಳದ ಶಾಸನ ಅದನ್ನು ಬಿಡಿಸಿ ಹೇಳುತ್ತದೆ: ದಂಡನಾಯಕ ನಾಗವರ್ಮ, ಹೆಂಡತಿ ಚಂದಿಕಬ್ಬೆ, ಇವರ ಮಗ ದಂಡನಾಯಕ ಬಲದೇವ, ಹೆಂಡತಿ ಬಾಚಿಕಬ್ಬೆ, ಇವರ ಮಗಳು ಮಾಚಿಕಬ್ಬೆ. ಶಾಂತಲೆ ಈ ಮಾಚಿಕಬ್ಬೆಯ ಮಗಳು. ಅಜ್ಜ, ಮುತ್ತಜ್ಜ ಇಬ್ಬರೂ ದಂಡನಾಯಕರು. ಅಪ್ಪ ಶಿವಭಕ್ತ, ಅಮ್ಮ ಜಿನಭಕ್ತೆ. ಮಗಳು ಅಮ್ಮನ ದಾರಿ ಹಿಡಿದಳು. ಗುರು ಪ್ರಭಾಚಂದ್ರ ಸಿದ್ಧಾಂತದೇವರು. ಶ್ರವಣಬೆಳಗೊಳದ ಚಂದ್ರಗಿರಿ ಬೆಟ್ಟದಲ್ಲಿ ಆಕೆ 1123ರಲ್ಲಿ ಕಟ್ಟಿಸಿದ ಶಾಂತಿನಾಥನ ಬಸದಿಗೆ ಆಕೆಯ ಬಿರುದೇ ಹೆಸರು: ಸವತಿಗಂಧವಾರಣ. ಸೊಕ್ಕಿದ ಸವತಿಯರಿಗೆ ಮದದಾನೆಯಂಥವಳು ಎಂದರ್ಥ.

ಅಘನಾಶಿನಿ:
ವರ್ಷದ ಗೊಂದಲ ಹುಟ್ಟುವುದು ಶಾಸನದ ಬರವಣಿಗೆಯಿಂದ. ಶಕವರ್ಷ ‘1050 ಮೂರನೆಯ’ ಅಂತಿದೆ, ಅಂದರೆ 1053. ಮೂರನ್ನು ಬಿಟ್ಟು ಓದಿದವರಿಗೆ 1128 ಸಿಗುತ್ತದೆ.

ಸಂವತ್ಸರದಿಂದ ತಾಳೆ ನೋಡಿ. ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿ. ಉಳಿದದ್ದು ಪ್ರಭವದಿಂದ ಎಣಿಸಿದ ಸಂವತ್ಸರ (ಶೇಷ ಸೊನ್ನೆಯಾದರೆ ಅಕ್ಷಯ). 1053ಕ್ಕೆ 12 ಸೇರಿ 1065, ಶೇಷ 45, ವಿರೋಧಿಕೃತು. ಶಾಸನದಲ್ಲಿರುವುದೂ ಅದೇ. 1050 ಆಗಿದ್ದರೆ ಶೇಷ 42, ಕೀಲಕ ಬರಬೇಕಿತ್ತು. ಇಸವಿ ಬೇಕಾದರೆ ಶಕವರ್ಷಕ್ಕೆ 78 ಕೂಡಿಸಿ: 1131. ತಿಥಿ ಚೈತ್ರ ಶುದ್ಧ ಪಂಚಮಿ, ಆದ್ದರಿಂದ 78 ಸಾಕು. ಪುಷ್ಯದ ನಡುವಿನಿಂದ ಫಾಲ್ಗುಣದವರೆಗಿನ ತಿಥಿಯಾದರೆ 79 ಕೂಡಿಸಬೇಕಾಗುತ್ತದೆ, ಅಲ್ಲೇ ಬಹಳ ಜನ ಎಡವುವುದು.

ಕಾಳಿದಂಡೆ (ಕಾರವಾರ):
ಒಂದು ಮಾತು ಸೇರಿಸಿಕೊಳ್ಳಿ ಮಾರಾಯ್ರೇ. ಮಕ್ಕಳಿಲ್ಲದ ಕೊರಗಿಗೆ ಶಿವಗಂಗೆಯ ಬಂಡೆಯಿಂದ ಹಾರಿದಳು ಅನ್ನುವುದು ಐತಿಹ್ಯ. ಶಾಸನ ಹೇಳುವುದು ಶಿವಗಂಗೆಯ ತೀರ್ಥದಲ್ಲಿ ತೀರಿಕೊಂಡಳು ಎಂದಷ್ಟೇ. ಒಂದು ತಿಂಗಳ ಉಪವಾಸದ ವಿವರ ಮಾಚಿಕಬ್ಬೆಯದು: ಮಗಳು ಹೋದ ಮೇಲೆ ಬೆಳಗೊಳಕ್ಕೆ ಬಂದು ಸನ್ಯಸನ (ಉಪವಾಸವಿದ್ದು ದೇಹ ಬಿಡುವ ಜೈನ ವ್ರತ) ಹಿಡಿದವಳು ಆ ತಾಯಿ. ಇಬ್ಬರ ಸಾವನ್ನು ಬೆರೆಸಬೇಡಿ.

ಕೋಟೆಕೆರೆ:
ಹೆಗಡೆ ಸಾಲು ತೆಗೆದೆ, ಮಾಚಿಕಬ್ಬೆಯ ವಂಶ ಸೇರಿಸಿದೆ. ಬಸದಿಯ ಶಕ 1045ಕ್ಕೂ ಲೆಕ್ಕ ಹಾಕಿದೆ: ಶೇಷ 37, ಶೋಭಕೃತು. ಸರಿ ಬಂತು.