ಜ್ವಾಲಾಮುಖಿ ನೆಲದಲ್ಲಿ ಒಂದು ದಿನದ ಸುಲಭ ನಡಿಗೆ: ಯಾವುದು ಆರಿಸಲಿ? ನಡೆದವರು ಹೇಳಿ

ದಾರಿಹೋಕ: ನಾವು ನಾಲ್ಕು ಜನ. ಅಮ್ಮನಿಗೆ 63, ಇಳಿಜಾರಿನಲ್ಲಿ ಮೊಣಕಾಲು ನೋಯುತ್ತೆ. ಮಗನಿಗೆ 9. ನಾಲ್ಕೈದು ಗಂಟೆಯಲ್ಲಿ ಮುಗಿಯುವ, ಹಗ್ಗ ಗಿಗ್ಗ ಬೇಡದ, ಲಾವಾ ಹರಿದ ನೆಲ ಕಣ್ಣಾರೆ ಕಾಣುವ ದಾರಿ ಬೇಕು. ಹವಾಯಿ, ನ್ಯೂಜಿಲೆಂಡ್, ಕ್ಯಾನರಿ ದ್ವೀಪ ಮೂರೂ ಪಟ್ಟಿಯಲ್ಲಿವೆ. ಶೂ ಎಂಥದ್ದು, ಗ್ಯಾಸಿಗೆ ಮಾಸ್ಕ್ ಬೇಕಾ, ಅಪಾಯ ಎಷ್ಟು? ಅನುಭವ ಹಂಚಿಕೊಳ್ಳಿ.

ಕರಿಬಂಡೆ: ಹವಾಯಿಯ ಕಿಲಾವೆಯಾ ಇಕಿ ಕುಳಿ. ಮುಗೀತು, ಬೇರೆ ಹುಡುಕಬೇಡಿ. ಸುತ್ತು ಸುಮಾರು 5.3 ಕಿ.ಮೀ., ಇಳಿದು ಹತ್ತುವುದು 120 ಮೀಟರ್ ಅಷ್ಟೇ. 1959ರ ನವೆಂಬರ್ 14ರಿಂದ ಡಿಸೆಂಬರ್ 20ರವರೆಗೆ ಅಲ್ಲಿ ಲಾವಾ ಚಿಮ್ಮಿತು, ಕಾರಂಜಿ 580 ಮೀಟರ್ ಎತ್ತರಕ್ಕೆ ಹೋಗಿತ್ತು. ಕುಳಿಯಲ್ಲಿ ತುಂಬಿಕೊಂಡ ಲಾವಾ ಕೆರೆ ಹೆಪ್ಪುಗಟ್ಟಿದ್ದೇ ಈಗ ಕಾಲಿಡುವ ನೆಲ. ಮೇಲಿನ ತೊಗಟೆ ಬೇಗ ಗಟ್ಟಿಯಾಯಿತು, ಒಳಗೆ ಪೂರ್ತಿ ಗಟ್ಟಿಯಾಗಲು ಮೂರು ದಶಕ ದಾಟಿತು. ಮಳೆ ನೀರು ಬಿರುಕಿಗಿಳಿದು ಬಿಸಿಕಲ್ಲು ಮುಟ್ಟಿ ಹಬೆಯಾಗಿ ವಾಪಸ್ ಬರುತ್ತೆ. ಆ ಹಬೆಗೆ ಕೈಯೊಡ್ಡುವ ಚಟ ಮಕ್ಕಳಿಗೆ ಬೇಡ, ಚರ್ಮ ಸುಡುತ್ತೆ.

ಕುಳಿಯ ತಳದಲ್ಲಿ ದಾರಿಗುರುತು ಅಂದರೆ ಕಲ್ಲುಗುಪ್ಪೆ. ಅಲ್ಲಿಯವರು ಅಹು ಅಂತಾರೆ. ಯಾರೋ ಫೋಟೋಗೆಂದು ಕಟ್ಟಿದ ಗುಪ್ಪೆಯನ್ನು ನಂಬಿ ಹೊರಟರೆ ಮಂಜು ಕವಿದಾಗ ದಿಕ್ಕೇ ತಪ್ಪುತ್ತೆ. ನೀವೂ ಕಟ್ಟಬೇಡಿ, ಇರುವುದನ್ನು ಬೀಳಿಸಬೇಡಿ. ಪಾರ್ಕಿನ ಪ್ರವೇಶ ಕಾರಿಗೆ 30 ಡಾಲರ್, ಏಳು ದಿನ ನಡೆಯುತ್ತೆ. ವಾಹನ ನಿಲ್ಲಿಸುವ ಜಾಗ ಬೆಳಗ್ಗೆಯೇ ತುಂಬುತ್ತೆ, ಎಂಟಕ್ಕೆ ಮುಂಚೆ ಅಲ್ಲಿರಿ.

ಬೂದಿಮರಳು: "ಬೇರೆ ಹುಡುಕಬೇಡಿ" ಅನ್ನೋದು ಯಾವ ಧೈರ್ಯ ಸ್ವಾಮಿ? ಪಕ್ಕದ ದೊಡ್ಡ ಕುಳಿಯಲ್ಲಿ 2024ರ ಡಿಸೆಂಬರ್ 23ರಿಂದ ಬಿಟ್ಟು ಬಿಟ್ಟು ಕಾರಂಜಿ ಎದ್ದಿದ್ದು ಮರೆತಿರಾ? ಗಾಳಿ ಈ ಕಡೆ ತಿರುಗಿದರೆ ನೊರೆಗಲ್ಲು, ಬೂದಿ, ಪೀಲೆಯ ಕೂದಲು ಎಲ್ಲ ಉದುರುತ್ತೆ. ಕೂದಲು ಅಂದರೆ ಎಳೆಯಾಗಿ ಹಿಗ್ಗಿದ ಗಾಜು. ಕಣ್ಣಿಗೆ ಬಿದ್ದರೆ ಉಜ್ಜಬಾರದು, ತೊಳೆಯಬೇಕು. ಕಾಂಟ್ಯಾಕ್ಟ್ ಲೆನ್ಸ್ ಹಾಕಿದವರ ಪಾಡು ಹೇಳೋದೇ ಬೇಡ, ಆ ದಿನ ಕನ್ನಡಕವೇ ಸರಿ.

ಕ್ಯಾನರಿ ದ್ವೀಪಗಳಲ್ಲಿ ಲಾಂಜರೋಟೆ ನೋಡಿ. 1730ರ ಸೆಪ್ಟೆಂಬರ್ 1ಕ್ಕೆ ಶುರುವಾಗಿ 1736ರವರೆಗೆ ಹರಿದ ಲಾವಾ, ದ್ವೀಪ ಒಣಗಿರುವುದರಿಂದ ಇವತ್ತಿಗೂ ಬೋಳಾಗಿಯೇ ಇದೆ. ಮೊಟ್ಟಮೊದಲು ಬಾಯಿ ಬಿಟ್ಟ ಕಾಲ್ಡೆರಾ ದೆ ಲೋಸ್ ಕುಯೆರ್ವೊಸ್ ಬಹುತೇಕ ಸಮತಟ್ಟು. ಕುಳಿಯ ಒಂದು ಗೋಡೆ ಒಡೆದು ಹೋಗಿರುವುದರಿಂದ ನೇರ ಒಳಗೇ ನಡೆಯಬಹುದು. ಒಂದೂವರೆ ಗಂಟೆ ಸಾಕು. ಇನ್ನೂ ಬೇಕೆಂದರೆ ಕಾಲ್ಡೆರಾ ಬ್ಲಾಂಕಾ, ಹೋಗಿಬರಲು ಹತ್ತಿರ ಹತ್ತಿರ 10 ಕಿ.ಮೀ. ಕುಳಿಯ ಅಗಲ 1.2 ಕಿ.ಮೀ., ಅಂಚಿನ ತುದಿ 458 ಮೀಟರ್. ತೊಂದರೆ ಒಂದೇ, ಗಾಳಿ. ಅಂಚಿನ ಮೇಲೆ ಟೋಪಿ ನಿಲ್ಲಲ್ಲ, ಗದ್ದಕ್ಕೆ ದಾರ ಬೇಕು. ಮಗು ಇದ್ದರೆ ಅಂಚು ಮುಟ್ಟಿ ಅಲ್ಲಿಂದಲೇ ವಾಪಸಾಗಿ, ಸುತ್ತು ಹಾಕೋದು ಬೇಡ. ನೆರಳು ಒಂದು ಅಂಗೈಯಷ್ಟೂ ಇಲ್ಲ. ಕರಿನೆಲ ಮಧ್ಯಾಹ್ನ ಕಾದಾಗ ಕೆಳಗಿಂದಲೂ ಶಾಖ. ಗಂಟೆಗೆ ಅರ್ಧ ಲೀಟರ್ ಅನ್ನೋ ಲೆಕ್ಕ ಅಲ್ಲಿ ಸಾಲದು, ತಲೆಗೆ ಮೂರು ಲೀಟರ್ ಹೊರಿ. ಬಸಾಲ್ಟ್, ಅಂದರೆ ಲಾವಾ ಆರಿ ಆದ ಕರಿಗಲ್ಲು, ಬಿರುಕು ಬಿರುಕಾಗಿರುವುದರಿಂದ ನೀರೆಲ್ಲ ಒಳಗಿಳಿದುಬಿಡುತ್ತೆ, ಹಳ್ಳ ತೊರೆ ಸಿಗುತ್ತೆ ಅಂತ ಕಾಯಬೇಡಿ.

ಟಿಮಾನ್‌ಫಾಯಾ ರಾಷ್ಟ್ರೀಯ ಉದ್ಯಾನದೊಳಗೆ ನಿಮ್ಮಿಷ್ಟಕ್ಕೆ ತಿರುಗಲು ಬಿಡಲ್ಲ. ಬಸ್ಸಿನ ಸುತ್ತು ಇದೆ, ಮಾರ್ಗದರ್ಶಕರ ಜೊತೆಗಿನ ನಡಿಗೆಗೆ ಮೊದಲೇ ಹೆಸರು ಬರೆಸಬೇಕು. ಇದು ಗೊತ್ತಿಲ್ಲದೆ ಹೋದವರೇ ಆಮೇಲೆ "ಲಾಂಜರೋಟೆಯಲ್ಲಿ ಏನೂ ಇಲ್ಲ" ಅಂತ ಬರೆಯೋದು.

ಮೇಲ್ದಾರಿ: ನ್ಯೂಜಿಲೆಂಡ್ ಪಟ್ಟಿಯಲ್ಲಿದ್ದೂ ಟೊಂಗಾರಿರೊ ಹೆಸರು ಯಾರೂ ಎತ್ತಿಲ್ಲವಲ್ಲ! ಒಂದೇ ದಿನದಲ್ಲಿ ಕೆಂಪು ಕುಳಿ, ಪಚ್ಚೆ ಕೆರೆ, ಹಬೆ, ಲಾವಾ ಹರಿವು ಎಲ್ಲ. ಮಂಗಟೆಪೊಪೊ ಕಡೆಯಿಂದ ಹೊರಟು ಕೆಟೆಟಾಹಿ ಕಡೆ ಇಳಿಯಬೇಕು. ಸೀಸನ್‌ನಲ್ಲಿ ಮಂಗಟೆಪೊಪೊದಲ್ಲಿ ನಾಲ್ಕು ಗಂಟೆಗಿಂತ ಹೆಚ್ಚು ಕಾರು ನಿಲ್ಲಿಸುವಂತಿಲ್ಲ. ಹಾಗಾಗಿ ಕಾರನ್ನು ಕೊನೆಯ ತುದಿಯ ಕಡೆ ಬಿಟ್ಟು ಶಟಲ್ ಹತ್ತಿ ಶುರುವಿಗೆ ಬನ್ನಿ. ಆಗ ವಾಪಸ್ ಬಸ್ಸಿಗೆ ಓಡುವ ಚಿಂತೆ ಇರಲ್ಲ. ದಾರಿ ಚೆನ್ನಾಗಿ ಕಟ್ಟಿದ್ದಾರೆ, ಸುಲಭ.

ಕರಿಬಂಡೆ: ಸುಲಭವಂತೆ! 20 ಕಿ.ಮೀ., ಏಳೆಂಟು ಗಂಟೆ, 1,886 ಮೀಟರ್ ಎತ್ತರದ ಕೆಂಪು ಕುಳಿ. ಪ್ರಶ್ನೆ ಓದಿದ್ದೀರಾ? ನಾಲ್ಕೈದು ಗಂಟೆ ಅಂದಿದ್ದಾರೆ. ಕುಳಿಯಿಂದ ಪಚ್ಚೆ ಕೆರೆಗೆ ಇಳಿಯೋದು ಪೂರ್ತಿ ಸಡಿಲ ಜಲ್ಲಿ. ಮೊಣಕಾಲು ಗಟ್ಟಿ ಇದ್ದವರೇ ಅಲ್ಲಿ ಕುಂಡೆ ಊರಿ ಇಳೀತಾರೆ. ಆಮೇಲೆ ಕೆಟೆಟಾಹಿವರೆಗೆ ಇಳಿತ, ಇಳಿತ, ಇಳಿತ. ತುದಿಯಿಂದ ಲೆಕ್ಕ ಹಾಕಿದರೆ ಸಾವಿರ ಮೀಟರಿಗೂ ಮೇಲೆ.

ಮೇಲ್ದಾರಿ: ಇಳಿಯಲು ಬಾರದಿದ್ದರೆ ಅದು ದಾರಿಯ ತಪ್ಪಲ್ಲ. ಹಿಮ್ಮಡಿ ಮೊದಲು ಊರಿ, ಮೊಣಕಾಲು ಸ್ವಲ್ಪ ಬಗ್ಗಿಸಿ, ಭಾರ ಮುಂದಕ್ಕೆ ಕೊಡಬೇಕು. ಜಲ್ಲಿ ಜಾರುವಾಗ ಅದರ ಜೊತೆ ಅರ್ಧ ಅಡಿ ಜಾರಲು ಬಿಡಬೇಕು. ಹಿಂದಕ್ಕೆ ವಾಲಿದವರೇ ಬೀಳೋದು. ಒಬ್ಬರ ನೇರ ಕೆಳಗೆ ಇನ್ನೊಬ್ಬರು ಇರಬಾರದು, ಕಲ್ಲು ಉರುಳುತ್ತೆ.

ಸಣ್ಣಹೆಜ್ಜೆ: ನ್ಯೂಜಿಲೆಂಡೇ ಆದರೆ ರಂಗಿಟೊಟೊ. ಆಕ್ಲೆಂಡ್‌ನಿಂದ ದೋಣಿಯಲ್ಲಿ 25 ನಿಮಿಷ. 600 ವರ್ಷದ ಹಿಂದೆ ಸಮುದ್ರದಿಂದೆದ್ದ ದ್ವೀಪ, ತುದಿ 259 ಮೀಟರ್, ಹತ್ತಲು ಒಂದು ಗಂಟೆ. ಲಾವಾ ಗುಹೆಗೆ ಸಣ್ಣ ಅಡ್ಡದಾರಿ ಇದೆ, ತಲೆಗೆ ಕಟ್ಟುವ ಟಾರ್ಚ್ ಇಟ್ಟುಕೊಳ್ಳಿ. ಮೊಬೈಲ್ ಬೆಳಕು ಹಿಡಿದರೆ ಕೈ ಖಾಲಿ ಇರಲ್ಲ, ಚೂಪು ಗೋಡೆಗೆ ಕೈ ಊರಬೇಕಾಗುತ್ತೆ. ದ್ವೀಪದಲ್ಲಿ ಅಂಗಡಿ ಇಲ್ಲ. ಕೊನೆಯ ದೋಣಿ ತಪ್ಪಿದರೆ ರಾತ್ರಿ ಅಲ್ಲೇ. ಹತ್ತುವ ಮುಂಚೆ ಶೂ ತಳ ಬ್ರಷ್‌ನಲ್ಲಿ ಉಜ್ಜಿ, ಚೀಲದ ಮೂಲೆ ಕೊಡವಿ. ಬೀಜ, ಇರುವೆ, ಇಲಿ ಯಾವುದೂ ದಾಟಬಾರದು.

ಅದೂ ಬೇಡ ಅಂದರೆ ಟೊಂಗಾರಿರೊ ಹತ್ತಿರದ ವಕಪಾಪಾದ ಟರನಾಕಿ ಜಲಪಾತದ ಸುತ್ತು. 6 ಕಿ.ಮೀ., ಎರಡು ಗಂಟೆ. ರುವಪೆಹು ಜ್ವಾಲಾಮುಖಿಯಿಂದ 15,000 ವರ್ಷದ ಹಿಂದೆ ಹರಿದ ಲಾವಾದ ಅಂಚಿನಿಂದ ನೀರು 20 ಮೀಟರ್ ಧುಮುಕುತ್ತೆ. ಟೊಂಗಾರಿರೊ ಹುಚ್ಚಿನಲ್ಲಿ ಇದನ್ನು ಯಾರೂ ಲೆಕ್ಕಕ್ಕೇ ಇಡಲ್ಲ.

ಮಾಪಕ: ಎಲ್ಲರೂ ಕಿ.ಮೀ. ಹೇಳ್ತಾ ಇದ್ದೀರಿ, ಎಚ್ಚರಿಕೆ ಹಂತದ ಬಗ್ಗೆ ಒಬ್ಬರೂ ಇಲ್ಲ. ಜಪಾನಿನ ಒಂಟಾಕೆ ಜ್ವಾಲಾಮುಖಿ 2014ರ ಸೆಪ್ಟೆಂಬರ್ 27, ಶನಿವಾರ ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ ಸಿಡಿಯಿತು. ತುದಿಯಲ್ಲಿ ಜನಜಾತ್ರೆ. ಎಚ್ಚರಿಕೆ ಐದರಲ್ಲಿ ಅತಿ ಕೆಳಗಿನ ಹಂತ 1. ಸತ್ತವರು, ಕಾಣೆಯಾದವರು ಸೇರಿ 63. ಆ ಹಂತ 1ಕ್ಕೆ ಆಗ "ಸಾಮಾನ್ಯ" ಅನ್ನೋ ಹೆಸರಿತ್ತು. ಆಮೇಲೆ ಅದನ್ನು ತೆಗೆದು, ಇದು ಜೀವಂತ ಜ್ವಾಲಾಮುಖಿ ಎಂಬುದು ಗಮನದಲ್ಲಿರಲಿ ಅನ್ನೋ ಅರ್ಥದ ಮಾತು ಹಾಕಿದರು. ನ್ಯೂಜಿಲೆಂಡಿನ ವಕಾರಿ ದ್ವೀಪ, 2019ರ ಡಿಸೆಂಬರ್ 9, ಹಂತ 2, 22 ಸಾವು. ಸುಮಾತ್ರಾದ ಮರಾಪಿ, 2023ರ ಡಿಸೆಂಬರ್ 3, ಅಲ್ಲೂ ಹಂತ 2, 24 ಚಾರಣಿಗರು. ಕುಳಿಯಿಂದ 3 ಕಿ.ಮೀ. ದೂರ ಇರಿ ಅಂತ ಸೂಚನೆ ಇದ್ದರೂ ಹತ್ತಿದ್ದರು.

ಕಾರಣ ಇಷ್ಟೇ. ಇಂಥ ಸ್ಫೋಟಕ್ಕೆ ಹೊಸ ಶಿಲಾರಸ ಮೇಲೆ ಬರಬೇಕೆಂದಿಲ್ಲ. ನೆಲದೊಳಗೆ ಕಾದ ನೀರು ಒಂದೇ ಸಲ ಹಬೆಯಾಗಿ ಹಿಗ್ಗಿ ಮೇಲಿನ ಬಂಡೆ ಹಾರಿಸುತ್ತೆ. ಮುನ್ಸೂಚನೆ ಸಿಕ್ಕರೆ ಕೆಲವು ನಿಮಿಷ, ಸಿಗದಿದ್ದರೆ ಅದೂ ಇಲ್ಲ.

ಮೇಲ್ದಾರಿ: ಹೀಗೆ ಹೆದರಿಸುತ್ತಾ ಕೂತರೆ ಜನ ಮನೆ ಹೊಸಿಲು ದಾಟಲ್ಲ.

ಮಾಪಕ: ಹೆದರಿಸುತ್ತಿಲ್ಲ, ಸ್ಥಳ ವಿಂಗಡಿಸಿ ಅಂತಿದ್ದೇನೆ. ಹಬೆಯಾಡುವ ಕುಳಿಯ ತುಟಿಯ ಮೇಲೆ ನಿಲ್ಲೋದು ಬೇರೆ, 300 ವರ್ಷದ ಹಿಂದೆ ಆರಿದ ಲಾವಾ ಮೇಲೆ ನಡೆಯೋದು ಬೇರೆ. ನಿಮ್ಮ ಟೊಂಗಾರಿರೊದಲ್ಲೇ 2012ರ ಆಗಸ್ಟ್ 6ರ ರಾತ್ರಿ ಟೆ ಮಾರಿ ಕುಳಿ ಸಿಡಿದು ಕೆಟೆಟಾಹಿ ಗುಡಿಸಲಿನ ಚಾವಣಿಗೆ ಬಂಡೆ ಬಿತ್ತು. ನವೆಂಬರ್ 21ಕ್ಕೆ ಹಗಲಲ್ಲೇ ಮತ್ತೆ ಸಿಡಿಯಿತು. ತುಟಿಯ ಮೇಲೆ ಹೋದವರು ಫೋಟೋ ತೆಗೆದು ಹತ್ತು ನಿಮಿಷದಲ್ಲಿ ಹೊರಡಲಿ, ಊಟಕ್ಕೆ ಕೂರೋದು ಕೆಳಗೆ ಬಂದ ಮೇಲೆ.

ಗಾಳಿಗುರುತು: ಮಾಸ್ಕ್ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಎನ್95 ಬೂದಿಗೆ ಮಾತ್ರ, ಗ್ಯಾಸಿಗೆ ಏನೂ ಮಾಡಲ್ಲ. ಗಂಧಕದ ಡೈಆಕ್ಸೈಡಿಗೆ ಯುರೋಪಿನ ಗುರುತಿನಲ್ಲಿ ಹಳದಿ ಪಟ್ಟಿಯ ಇ ಕಾರ್ಟ್ರಿಡ್ಜ್ (ಮಾಸ್ಕಿಗೆ ಹಾಕುವ ಸೋಸುಡಬ್ಬಿ), ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡಿಗೆ ಬೂದುಬಣ್ಣದ ಬಿ. ಗಡ್ಡ ಇದ್ದರೆ ಅಂಚು ಕೂರಲ್ಲ. ಮಗುವಿನ ಮುಖಕ್ಕೂ ದೊಡ್ಡವರದು ಕೂರಲ್ಲ. ವಾಸನೆ ನಿಂತಿತು ಅಂತ ಖುಷಿಪಡಬೇಡಿ. ಸಾಂದ್ರತೆ ಹೆಚ್ಚಾದಾಗ ಹೈಡ್ರೋಜನ್ ಸಲ್ಫೈಡ್ ಮೂಗನ್ನೇ ಮರಗಟ್ಟಿಸುತ್ತೆ. ಇಂಗಾಲದ ಡೈಆಕ್ಸೈಡಿಗಂತೂ ಯಾವ ಕಾರ್ಟ್ರಿಡ್ಜೂ ಇಲ್ಲ, ಅದು ಗಾಳಿಗಿಂತ ಭಾರ, ತಗ್ಗಿನಲ್ಲಿ ಕೂತಿರುತ್ತೆ. ಕ್ಯಾಲಿಫೋರ್ನಿಯಾದ ಮ್ಯಾಮತ್ ಬೆಟ್ಟದಲ್ಲಿ 2006ರಲ್ಲಿ ಹಬೆಗುಂಡಿಯ ಬಳಿ ಮೂವರು ಸ್ಕೀ ಕಾವಲುಗಾರರು ಸತ್ತಿದ್ದು ಹೀಗೆ. ಗಿಡ ಸುಟ್ಟಂತೆ ಕಂಡ, ಸತ್ತ ಹಕ್ಕಿ ಬಿದ್ದ ಗುಂಡಿಗೆ ಇಳಿಯಬೇಡಿ. ನಿಮ್ಮಲ್ಲಿ ಯಾರಿಗಾದರೂ ಆಸ್ತಮಾ ಇದೆಯಾ? ಇದ್ದರೆ ಮಾಸ್ಕ್ ಕೊಳ್ಳೋದು ಬಿಟ್ಟು ಜಾಗ ಬದಲಿಸಿ. ಜಪಾನಿನ ಅಸೋ ಜ್ವಾಲಾಮುಖಿಯಲ್ಲಿ ಅಂಥವರು ಕುಳಿ ಹತ್ತಿರ ಬರಲೇಬೇಡಿ ಅಂತಾರೆ.

ದಾರಿಹೋಕ: ಆಸ್ತಮಾ ಯಾರಿಗೂ ಇಲ್ಲ. ಅಮ್ಮನ ಮೊಣಕಾಲೊಂದೇ. ಶೂ?

ಬೂದಿಮರಳು: ಚರ್ಮದ ಎತ್ತರದ ಬೂಟು. ಜಾಲರಿ ಬಟ್ಟೆಯ ಓಟದ ಶೂನಲ್ಲಿ ಕಿಟ್ಟಗಲ್ಲಿನ ಪುಡಿ ನುಗ್ಗಿ ಅರ್ಧ ಗಂಟೆಗೆ ಬೆರಳ ಸಂದು ಕೆರೆದುಹೋಗುತ್ತೆ.

ಸಣ್ಣಹೆಜ್ಜೆ: ಹಳೇ ಕಾಲದ ಮಾತು. ನೆಲ ನೋಡಿ ಶೂ. ಪಾಹೋಯ್‌ಹೋಯ್ ಅಂದರೆ ಹಗ್ಗದ ಸುರುಳಿಯಂತೆ ಮಡಿಕೆ ಬಿದ್ದ ನುಣುಪು ಲಾವಾ. ಅದರ ಮೇಲೆ ತೆಳು ತಳದ ಹಗುರ ಶೂ ಬೂಟಿಗಿಂತ ಚೆನ್ನಾಗಿ ಹಿಡಿಯುತ್ತೆ. ಅಲ್ಲಿನ ಭಯ ಪೊಳ್ಳು ತೊಗಟೆ. ಅಂಚಿನಲ್ಲಿ ತೆಳ್ಳಗೆ ಉಬ್ಬಿದ್ದು ಹಪ್ಪಳದ ಹಾಗೆ ಮುರಿದು ಕಾಲು ಮೊಣಕಾಲವರೆಗೆ ಇಳಿಯುತ್ತೆ. ಜನ ನಡೆದು ಬೂದುಬಣ್ಣಕ್ಕೆ ತಿರುಗಿದ ಜಾಗದಲ್ಲೇ ಹೆಜ್ಜೆ ಇಡಿ. ಅಆ ಲಾವಾ ಮುರಿದ ಕಿಟ್ಟದ ರಾಶಿ, ಅಲ್ಲಿ ಮಾತ್ರ ಗಟ್ಟಿ ತಳ ಬೇಕು. ಜೊತೆಗೆ ಕೈಗವಸು, ಬಿದ್ದರೆ ಅಂಗೈ ಸೀಳುತ್ತೆ. ಸಡಿಲ ಕಿಟ್ಟದ ಗುಡ್ಡಕ್ಕೆ, ಕ್ಯಾಲಿಫೋರ್ನಿಯಾದ ಲಾಸೆನ್ ಉದ್ಯಾನದ ಸಿಂಡರ್ ಕೋನ್ ಥರದ್ದಕ್ಕೆ, ಯಾವ ಶೂ ಆದರೂ ಸರಿ, ಗೇಟರ್ (ಶೂ ಬಾಯಿ ಮುಚ್ಚುವ ಕಾಲುಪಟ್ಟಿ) ಕಟ್ಟಿ. ಅಲ್ಲಿ ಏರು 258 ಮೀಟರ್, ಎರಡು ಹೆಜ್ಜೆ ಮೇಲೆ ಒಂದು ಹೆಜ್ಜೆ ಕೆಳಗೆ.

ಬೂದಿಮರಳು: ಹಗುರ ಶೂನ ತಳ ಅಆ ಮೇಲೆ ಎಷ್ಟು ಕಿ.ಮೀ. ಬಾಳುತ್ತೆ ಅಂತಲೂ ಬರೆಯಿರಿ.

ಸಣ್ಣಹೆಜ್ಜೆ: ನಿಮ್ಮ ಬೂಟಿಗಿಂತ ಹೆಚ್ಚು. ಐದಾರು ವರ್ಷ ಅಟ್ಟದ ಮೇಲಿಟ್ಟ ಬೂಟಿನ ನಡುಪದರದ ಪಾಲಿಯುರಿಥೇನ್ ಗಾಳಿಯ ತೇವಕ್ಕೆ ಒಳಗೊಳಗೇ ಪುಡಿಯಾಗಿರುತ್ತೆ, ಹೊರಗೆ ಹೊಸದರಂತೆ ಕಾಣುತ್ತೆ. ದಾರಿ ನಡುವೆ ತಳವೇ ಕಳಚುತ್ತೆ. ಹೊರಡುವ ವಾರ ಮುಂಚೆ ಹೆಬ್ಬೆರಳಿನಿಂದ ಒತ್ತಿ ನೋಡಿ. ಒತ್ತಿದ ಗುಂಡಿ ಹಾಗೇ ಉಳಿದರೆ ಅಥವಾ ಸಣ್ಣ ಬಿರುಕು ಕಂಡರೆ ಎಸೆಯಿರಿ. ಚೀಲದಲ್ಲಿ ಅಗಲವಾದ ಅಂಟುಪಟ್ಟಿ ಎರಡು ಮೀಟರ್ ಉದ್ದ ಸುತ್ತಿಟ್ಟುಕೊಂಡರೆ ವಾಪಸ್ ಬರುವಷ್ಟಕ್ಕೆ ಕಟ್ಟಬಹುದು.

ಕರಿಬಂಡೆ: ಮೊಣಕಾಲಿಗೆ ಶೂ ಅಲ್ಲ, ಎರಡು ಊರುಗೋಲು. ಇಳಿಯುವಾಗ ಐದು ಸೆಂ.ಮೀ. ಉದ್ದ ಮಾಡಿ. ರಬ್ಬರ್ ಟೋಪಿ ಹಾಕಿಯೇ ಬಳಸಿ, ಬರಿ ಲೋಹದ ಮೊನೆ ಬಿರುಕಿಗೆ ಸಿಕ್ಕಿ ಕೋಲು ಮುರಿಯುತ್ತೆ.

ಬೂದಿಮರಳು: ಅಆ ಮೇಲೆ ರಬ್ಬರ್ ಟೋಪಿ ಒಂದೇ ದಿನಕ್ಕೆ ತೂತು. ಎರಡು ಜೊತೆ ಹೆಚ್ಚು ಒಯ್ಯಿರಿ ಅಂತಲೂ ಹೇಳಿ.

ಕರಿಬಂಡೆ: ಕಿಲಾವೆಯಾ ಇಕಿ ತಳದಲ್ಲಿರೋದು ಅಆ ಅಲ್ಲವಲ್ಲ. ನಿಮ್ಮ ಲಾಂಜರೋಟೆಯ ಗೋಳು ಇಲ್ಲಿ ಯಾಕೆ?

ಮಾಪಕ: ಇನ್ನೊಂದು. ಬಸಾಲ್ಟಿನಲ್ಲಿ ಕಬ್ಬಿಣದ ಅಂಶ ಇರುವುದರಿಂದ ಬಂಡೆ ಹತ್ತಿರ ದಿಕ್ಸೂಚಿ ಮುಳ್ಳು ತಪ್ಪು ತೋರಿಸುತ್ತೆ. ಎದೆಮಟ್ಟಕ್ಕೆ ಎತ್ತಿ ಹಿಡಿದು, ನಾಲ್ಕು ಹೆಜ್ಜೆ ಸರಿದು ಮತ್ತೆ ನೋಡಿ.

ಮೇಲ್ದಾರಿ: ದಿಕ್ಸೂಚಿ ಯಾರು ಹಿಡೀತಾರೆ ಮಾರಾಯ್ರೇ ಈಗ.

ಮಾಪಕ: ಮೊಬೈಲೊಳಗೆ ಇರೋದೂ ದಿಕ್ಸೂಚಿಯೇ.

ದಾರಿಹೋಕ: ಕಿಲಾವೆಯಾ ಇಕಿ ಅಂದುಕೊಂಡರೆ, ಮೊಣಕಾಲಿಗೆ ಯಾವ ಕಡೆಯಿಂದ ಇಳಿಯೋದು ಒಳ್ಳೇದು?

ಸಣ್ಣಹೆಜ್ಜೆ: ಪಶ್ಚಿಮದಲ್ಲಿ ಕಲ್ಲುಮೆಟ್ಟಿಲು, ಒಂದೊಂದು ಒಂದೊಂದು ಎತ್ತರ. ಪೂರ್ವದಲ್ಲಿ, ಲಾವಾ ಸುರಂಗದ ಕಡೆ, ಅಂಕುಡೊಂಕಾಗಿ ನಿಧಾನಕ್ಕೆ ಇಳಿಯುವ ದಾರಿ. ಮೊಣಕಾಲು ನೋಯೋದು ಇಳಿಯುವಾಗ. ಆದ್ದರಿಂದ ಪೂರ್ವದಿಂದ ಇಳಿದು ಪಶ್ಚಿಮದಿಂದ ಹತ್ತಿ.

ಕರಿಬಂಡೆ: ಪಾರ್ಕಿನವರು ಹೇಳೋದು ಅಪ್ರದಕ್ಷಿಣವಾಗಿ, ಅಂದರೆ ಪಶ್ಚಿಮದಿಂದ ಇಳಿಯಿರಿ ಅಂತ. ಎಲ್ಲರೂ ಒಂದೇ ದಿಕ್ಕಿಗೆ ಹೋದರೆ ಇಕ್ಕಟ್ಟಿನಲ್ಲಿ ಎದುರುಬದುರು ಆಗಲ್ಲ.

ಸಣ್ಣಹೆಜ್ಜೆ: ಸುತ್ತು ಹಾಕಲೇಬೇಕು ಅಂತ ಯಾರಂದರು? ಪೂರ್ವದಿಂದ ಇಳಿದು, ತಳದಲ್ಲಿ ಅರ್ಧ ಗಂಟೆ ನಡೆದು, ಅದೇ ದಾರಿಯಲ್ಲಿ ಹತ್ತಿ ಬರಲಿ. ಎದುರು ಬಂದವರಿಗೆ ಪಕ್ಕಕ್ಕೆ ನಿಂತು ಜಾಗ ಬಿಟ್ಟರಾಯಿತು.

ಕರಿಬಂಡೆ: ಸುತ್ತು ಹಾಕದಿದ್ದರೆ ಲಾವಾ ಚಿಮ್ಮಿದ ಬಾಯಿ ಕಾಣಲ್ಲ, ಅದು ಪಶ್ಚಿಮ ತುದಿಯಲ್ಲಿದೆ.

ಸಣ್ಣಹೆಜ್ಜೆ: ಮೇಲಿನ ಅಂಚಿನಿಂದ ಕಾಣುತ್ತೆ ರೀ.